ಆಷಾಢದ ಬೀಗರು

ಬೆಳಿಗ್ಗೆ ಹಾಲು ಕಾಸಿ ಕೆನೆ ತೆಗೆದಿಟ್ಟೆ. ಅವಲಕ್ಕಿ ತೊಳೆದು ಬಸಿಯಲು ಬಿಟ್ಟೆ. ಹೊರಗೆ ಜಿಟಿಜಿಟಿ ಮಳೆ. ಹಿಂದಿನ ದಿನ ಒಗೆದ ಮೊಣಕಾಲು ಪಟ್ಟಿಗಳು ಇನ್ನೂ ಒಣಗಿರಲಿಲ್ಲ. ಅಡುಗೆಮನೆಯಲ್ಲೇ ಹಗ್ಗ ಕಟ್ಟಿ, ಒಲೆಯ ಕಾವು ತಾಗುವಂತೆ ಅವುಗಳನ್ನು ಹಾಕಿ, ಆಗಾಗ ಮುಟ್ಟಿ ನೋಡುತ್ತಿದ್ದೆ. ಹಳೆಯ ಕೌದಿ ಕತ್ತರಿಸಿ ನಾನೇ ಹೊಲಿದದ್ದು. ದಪ್ಪ, ಬೇಗ ಆರುವುದಿಲ್ಲ. ಮರುದಿನ ಮಧ್ಯಾಹ್ನ ಊರಿನ ಕಲ್ಯಾಣ ಮಂಟಪದಲ್ಲಿ ಸವಣೂರಿನ ಹುಡುಗಿಯರ ಜೊತೆ ಮಗಳು ಪಲ್ಲವಿಯ ಆಟವಿತ್ತು. ಹುಟ್ಟಿನಿಂದ ಕಣ್ಣು ಕಾಣದ ಅವಳು ಕಟ್ಟೆಗೆ ಆತು ನಿಂತು ಹುರಿದ ಶೇಂಗಾದ ಸಿಪ್ಪೆ ತೆಗೆಯುತ್ತ, "ಮಮ್ಮಿ, ಇವತ್ತ ಅವಲಕ್ಕಿಗೆ ಉಳ್ಳಾಗಡ್ಡಿ ಹಾಕಬ್ಯಾಡ" ಎನ್ನುತ್ತಿದ್ದಳು.

ಆಗ ಫೋನ್ ಬಂತು. ಹಿರೇಕೆರೂರಿನಿಂದ, ಅಕ್ಕೋರ ತಮ್ಮ.

"ಅಕ್ಕ ಹೋದಳ್ರಿ, ನಸಕಿನ್ಯಾಗ. ಮಧ್ಯಾಹ್ನ ಮಣ್ಣು."

ನಾನು ಒಲೆ ಆರಿಸಿದೆ. ಬಾಯಿ ಬಿಟ್ಟು ಹೇಳುವ ಮೊದಲೇ ಪಲ್ಲವಿಗೆ ತಿಳಿದಿತ್ತು. ಅವಳ ಬೆರಳುಗಳ ನಡುವೆ ಸಿಪ್ಪೆಯ ಸದ್ದು ನಿಂತಿತು. ಕೈಯಲ್ಲಿದ್ದ ಶೇಂಗಾ ತಟ್ಟೆಗೆ ಹಾಕಿ ಕೇಳಿದಳು, "ಹಂಗಾರ ನಾಳೆ ಆಟ?"

ಇದನ್ನು ಕೇಳಿದವರು ಎಂಥಾ ಹುಡುಗಿ ಅಂದುಕೊಂಡಾರು. ಆದರೆ ಅಕ್ಕೋರು ಇದ್ದಿದ್ದರೆ ಅವರೂ ಮೊದಲು ಅದನ್ನೇ ಕೇಳುತ್ತಿದ್ದರು.

ನಮ್ಮ ಕಡೆ ಕನ್ನಡ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಹಾನಗಲ್ಲಿನಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ, ಅಷ್ಟರಮಟ್ಟಿಗೆ ಅವರು ಎಲ್ಲರಿಗೂ ಬರೀ ಅಕ್ಕೋರು. ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಬಲಗೈ ಹೆಬ್ಬೆರಳು ಸೀಮೆಸುಣ್ಣ ಹಿಡಿದೂ ಹಿಡಿದೂ ಸೀಳುಬಿಟ್ಟಿತ್ತು, ನಿವೃತ್ತಿಯಾದ ಮೇಲೂ ಅದು ಕೂಡಲಿಲ್ಲ. ಬಸ್ಸಿನಲ್ಲಿ ಕುಳಿತ ಕೂಡಲೇ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಇಳಿಯುವ ಊರು ಬಂದರೆ ಯಾರೂ ಎಬ್ಬಿಸದೆ ಎಚ್ಚರವಾಗುತ್ತಿದ್ದರು.

ನನಗೆ ಅವರ ಗುರುತಾದದ್ದು ಪಲ್ಲವಿಯ ಶಾಲೆಯ ಕ್ರೀಡಾಕೂಟದ ದಿನ. ಅವಳು ಪ್ರತಿವರ್ಷದಂತೆ ಪ್ರಾರ್ಥನೆ ಹಾಡಿ ಬಂದು ಪೆಂಡಾಲಿನ ಕೆಳಗೆ ಜಮಖಾನೆಯ ಮೇಲೆ ನನ್ನ ಪಕ್ಕ ಕುಳಿತಿದ್ದಳು. ಇನ್ನು ಸಂಜೆಯವರೆಗೆ ನಮಗೆ ಕೆಲಸವಿಲ್ಲ. ಯಾರು ಓಡುತ್ತಿದ್ದಾರೆ, ಯಾರು ಬಿದ್ದರು ಎಂದು ನಾನು ಅವಳ ಕಿವಿಯಲ್ಲಿ ಹೇಳುವುದು, ಅವಳು ನೀರಿನ ಬಾಟಲಿ ಹಿಡಿದುಕೊಂಡು ಕೇಳುವುದು. ಅತಿಥಿಗಳ ಕುರ್ಚಿಯಿಂದ ಎದ್ದು ಬಂದ ಒಬ್ಬ ಹೆಂಗಸು ನಮ್ಮ ಎದುರಿಗೆ ಕುಳಿತರು.

"ಈಕಿ ನಿಮ್ಮ ಮಗಳೇನ್ರಿ?"

"ಹೌದ್ರಿ."

"ಚೊಲೊ ಹಾಡ್ತಾಳ. ಹಾಡೂದು ಆತು. ಆಡೂದು ಯಾವಾಗ?"

"ಆಕಿಗೆ ಕಾಣೂದಿಲ್ರಿ" ಎಂದೆ, ಯಾವಾಗಲೂ ಹೇಳುವ ಸಣ್ಣ ದನಿಯಲ್ಲಿ.

"ಅದು ನನಗೂ ಕಾಣಸ್ತೈತಿ. ನಾ ಕೇಳಿದ್ದು ಬ್ಯಾರೆ."

ನಾನು ಹುಬ್ಬಳ್ಳಿಯಲ್ಲಿ ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಓದಿದವಳು. ಹಿರಿಯರ ಮಾತಿಗೆ ಎದುರು ಹೇಳದೆ ಬೆಳೆದವಳು. ಆದರೂ ಅಂದು ಸಿಟ್ಟು ಬಂದಿತ್ತು. ಆ ಸಿಟ್ಟು ಇಳಿಯುವುದರೊಳಗೆ ಅವರು ನಮ್ಮ ಮನೆಗೇ ಬಂದರು, ಸರಿಯಾಗಿ ಊಟದ ಹೊತ್ತಿಗೆ, ಹೇಳದೆ ಕೇಳದೆ. ಜೊತೆಗೆ ಹಿರೇಕೆರೂರಿನ ಒಂದು ಕಾಲೇಜಿನ ಪಿ.ಟಿ. ಸರ್. ಅವರ ಕೈಯಲ್ಲಿ ಒಂದು ನೀಲಿ ಚೆಂಡು. ಅಲುಗಿಸಿದರೆ ಒಳಗೆ ಗೆಜ್ಜೆ ಉಲಿಯುತ್ತಿತ್ತು. ಕಾಲೇಜಿನ ಕಪಾಟಿನಲ್ಲಿ ಯಾರೂ ಮುಟ್ಟದೆ ಬಿದ್ದಿತ್ತಂತೆ.

ಆಟ ಹೇಳಿದರೆ ಇಷ್ಟೇ. ಈ ಕಡೆ ಮೂವರು, ಆ ಕಡೆ ಮೂವರು, ಎಲ್ಲರ ಕಣ್ಣಿಗೂ ಪಟ್ಟಿ. ಚೆಂಡನ್ನು ನೆಲದ ಮೇಲೆ ಜೋರಾಗಿ ಉರುಳಿಸಬೇಕು. ಎದುರಿನವರು ಗೆಜ್ಜೆಯ ಸಪ್ಪಳ ಹಿಡಿದು, ನೆಲಕ್ಕೆ ಅಡ್ಡ ಮಲಗಿ, ಮೈಯಿಂದ ತಡೆಯಬೇಕು. ಗೆರೆಗಳನ್ನು ದಾರ ಹಾಸಿ ಮೇಲೆ ಟೇಪು ಅಂಟಿಸಿ ಮಾಡುತ್ತಾರೆ, ಬೆರಳಿಗೆ ಸಿಗಲೆಂದು. ಚೆಂಡು ಉರುಳುವಾಗ ನೋಡುವವರು ಪಿಟ್ಟೆನ್ನಬಾರದು, ಅವರ ಕಾಲಚೈನಿನ ಗೆಜ್ಜೆ ಕೂಡ ಉಲಿಯಬಾರದು. ಇದಕ್ಕೊಂದು ಇಂಗ್ಲಿಷ್ ಹೆಸರಿದೆ. ನಮ್ಮ ಹುಡುಗಿಯರು ಗೆಜ್ಜಿ ಚಂಡು ಎಂದೇ ಅನ್ನುತ್ತಾರೆ.

ಅಕ್ಕೋರಿಗೆ ಆಟದ ಗಂಧವೇ ಇರಲಿಲ್ಲ. ಕಬಡ್ಡಿಯಲ್ಲಿ ಎಷ್ಟು ಜನ ಎಂದು ಕೇಳಿದರೆ ಪಕ್ಕದವರ ಮುಖ ನೋಡುತ್ತಿದ್ದರು. ಅವರಿಗೆ ಬರುತ್ತಿದ್ದದ್ದು ಕೂಡಿಸುವುದು. ಚೆಂಡು ಒಂದು ಊರಿನಲ್ಲಿದೆ, ಮಕ್ಕಳು ಇನ್ನೊಂದು ಊರಿನಲ್ಲಿದ್ದಾರೆ, ಅವರನ್ನು ಕರೆತರುವ ಗಾಡಿ ಮತ್ತೊಂದು ಕಡೆ. ಯಾರ ಹತ್ತಿರವೂ ಎಲ್ಲವೂ ಇಲ್ಲ, ಎಲ್ಲರ ಹತ್ತಿರವೂ ಏನೋ ಒಂದಿದೆ. ಒಮ್ಮೆ ಹುಬ್ಬಳ್ಳಿಯಿಂದ ಯಾವುದೋ ಸಂಸ್ಥೆಯ ತರುಣನೊಬ್ಬ ಬಂದು, ನೀವು ಬೇರೆಬೇರೆ ಸಂಘಗಳ ಜೊತೆ ಪಾರ್ಟನರ್‌ಶಿಪ್ ಹೇಗೆ ಮಾಡಿಕೊಂಡಿರಿ ಎಂದು ಕೇಳಿದ. ಅಕ್ಕೋರು ಅವನಿಗೆ ಚಹಾ ಕೊಟ್ಟು ಹೇಳಿದರು, "ಪಾರ್ಟನರ್ ಅಂದ್ರ ಲಾಭ ಕೇಳ್ತಾರಪಾ. ಬೀಗರಾದ್ರ ಮಾನ ಕೇಳ್ತಾರ. ಲಾಭ ನಮ್ಮ ಕಡೆ ಇಲ್ಲ. ಮಾನ ಎಷ್ಟ್ ಬೇಕು ಅಷ್ಟ್ ಐತಿ."

ಇದು ಬರೀ ಮಾತಾಗಿರಲಿಲ್ಲ. ಅವರು ನಿಜಕ್ಕೂ ಸಂಬಂಧ ಕೇಳುವವರ ಹಾಗೇ ಹೋಗುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಅಡಿಕೆ, ಒಂದು ಪೊಟ್ಟಣ ಸಕ್ಕರೆ.

ಗೆಜ್ಜೆ ಚೆಂಡಿಗೆ ನುಣುಪಾದ ದೊಡ್ಡ ನೆಲ ಬೇಕು. ಹಾನಗಲ್ಲಿನಲ್ಲಿ ಅಂಥದ್ದು ನಮಗೆ ತಿಳಿದಂತೆ ಇದ್ದದ್ದು ಕಲ್ಯಾಣ ಮಂಟಪದಲ್ಲಿ. ಅದರ ಕಮಿಟಿಯ ಹಿರಿಯರು ನಮ್ಮ ಎದುರು ಮನೆಯ ಕಾಕಾ. ಅಕ್ಕೋರು ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದರು. ಕೊಡೆ ಮಡಚಿ ಮೂಲೆಗಿಟ್ಟು, ಕುಳಿತು, "ಒಂದು ಸಂಬಂಧ ತಂದೇನ್ರಿ" ಎಂದರು.

ಕಾಕಾನ ಮನೆಯಲ್ಲಿ ಮಗನಿಗೆ ಹುಡುಗಿ ನೋಡಲು ಶುರುಮಾಡಿ ವರ್ಷಗಳಾಗಿದ್ದವು. ಕಾಕಾನ ಹೆಂಡತಿ ಕಾಕು ಸರಕ್ಕನೆ ಒಳಗೆ ಹೋದರು. ಮತ್ತೆ ಬಂದಾಗ ಉಟ್ಟ ಸೀರೆಯ ಮೇಲೆ ಪೆಟ್ಟಿಗೆಯ ಮಡಿಕೆಗಳು ಹಾಗೇ ಇದ್ದವು. ಅವಲಕ್ಕಿ ಬಂತು, ಬೆನ್ನಿಗೇ ಚಕ್ಕುಲಿ ಬಂತು.

"ಯಾವೂರಿನವ್ರು?" ಎಂದರು ಕಾಕಾ.

"ಸವಣೂರಿನವ್ರು. ಎಲಿ ವ್ಯಾಪಾರ. ಭಾಳ ಮಂದಿ ಅದಾರ. ಸ್ವಂತ ಗಾಡಿ ಐತಿ."

"ಹುಡುಗಿ ಏನ್ ಓದ್ಯಾಳಂತ?"

"ಒಬ್ಬಾಕೆ ಅಲ್ರಿ. ಸದ್ಯ ಆರು ಮಂದಿ ಅದಾರ."

ಕಾಕಾನ ಗಂಟಲಲ್ಲಿ ಅವಲಕ್ಕಿ ಸಿಕ್ಕಿಕೊಂಡಿತು. ಕಾಕು ನೀರು ತಂದರು. ನಾನು ತಟ್ಟೆಯಲ್ಲಿನ ಕರಿಬೇವು ಎಣಿಸುತ್ತ ಕುಳಿತೆ. ಅಕ್ಕೋರು ಮಾತ್ರ ಸಾವಕಾಶವಾಗಿ ಎಲ್ಲ ಬಿಡಿಸಿ ಹೇಳಿದರು. ಸಂಬಂಧ ಬಂದದ್ದು ಹುಡುಗನಿಗಲ್ಲ, ಮಂಟಪಕ್ಕೆ. ಸವಣೂರಿನ ವೀಳ್ಯದೆಲೆ ವ್ಯಾಪಾರಿಗಳ ಸಂಘದ ಗಾಡಿ ಆ ಕಡೆಯ ಕಣ್ಣು ಕಾಣದ ಮಕ್ಕಳನ್ನು ಕರೆತರುತ್ತದೆ, ಮಂಟಪ ಅವರಿಗೆ ನೆಲ ಕೊಡಬೇಕು, ಅದೂ ಆಷಾಢದಲ್ಲಿ.

"ಆಷಾಢದಾಗ ಯಾರರೆ ಬೀಗತನ ಮಾಡ್ತಾರೇನ್ರಿ ಅಕ್ಕೋರ?"

"ಉಳದ ದಿನಾ ನೀವು ನಮಗ ಎಲ್ಲಿ ಸಿಗ್ತೀರಿ? ಎಲ್ಲಾರಿಗೂ ಬ್ಯಾಡಾದ ದಿನ ನಮಗ ಬೇಕಾದ ದಿನ. ಸವಣೂರವ್ರು ಹೇಳಿ ಕಳಿಸ್ಯಾರ ನೋಡ್ರಿ, ಆಡಿದ್ರ ಹಾನಗಲ್ಲ ಮಂಟಪದಾಗ ಆಡಬೇಕು, ಅಂಥಾ ನೆಲ ನಾಕು ತಾಲೂಕಿನ್ಯಾಗ ಇಲ್ಲ ಅಂತ."

ಕಾಕಾ ಸ್ವಲ್ಪ ನೆಟ್ಟಗಾದರು. ಅಕ್ಕೋರು ಸಕ್ಕರೆಯ ಪೊಟ್ಟಣ ಬಿಚ್ಚಿ ಮುಂದೆ ಹಿಡಿದರು. "ಮೊದಲ ಬಾಯಿ ಸಿಹಿ ಮಾಡ್ಕೊಳ್ರಿ. ಆಮ್ಯಾಲ ಬ್ಯಾಡ ಅನ್ರಿ." ಸಕ್ಕರೆ ತಿಂದ ಬಾಯಿಂದ ಬೇಡ ಎಂದವರನ್ನು ನಾನು ಆಮೇಲೂ ಕಾಣಲಿಲ್ಲ.

ಬೀದಿಗೆ ಬಂದ ಮೇಲೆ ಮೆಲ್ಲಗೆ ಕೇಳಿದೆ, "ಅಕ್ಕೋರ, ನಾವು ಸವಣೂರಿಗೆ ಇನ್ನೂ ಹೋಗೇ ಇಲ್ಲಲ್ರಿ?"

"ನಾಳೆ ಹೋಗೂಣಲ್ಲ" ಎಂದರು.

ಹೋದೆವು. ಎಲೆ ಸಂಘದ ಹಿರಿಯರನ್ನು ಅಲ್ಲಿ ಎಲ್ಲರೂ ಚಾಚಾ ಎನ್ನುತ್ತಿದ್ದರು, ನಮಗೂ ಅವರು ಚಾಚಾ ಆದರು. ಸಂಘದ ಗಾಡಿ ನಸುಕಿನಲ್ಲಿ ಎಲೆಯ ಪೆಂಡಿಗಳನ್ನು ಮಾರುಕಟ್ಟೆಗೆ ಮುಟ್ಟಿಸಿದರೆ ಆಮೇಲೆ ದಿನವಿಡೀ ನೆರಳಿಗೆ ನಿಲ್ಲುತ್ತಿತ್ತು. ಒಳಗೆ ಹಸಿ ಗೋಣಿಯ ವಾಸನೆ, ಕಾಲಡಿಗೆ ಹರಿದ ಎಲೆ. ಅಕ್ಕೋರು ಅದರೊಳಗೆ ಇಣುಕಿ, "ಹಾನಗಲ್ಲಿನವ್ರು ಹೇಳಿ ಕಳಿಸ್ಯಾರ ಚಾಚಾ, ಗಾಡಿ ಬಂದ್ರ ಸವಣೂರದ್ದ ಬರಬೇಕು, ಅಷ್ಟು ಸ್ವಚ್ಛ ಗಾಡಿ ಎಲ್ಲೂ ಇಲ್ಲ ಅಂತ" ಎಂದರು. ಚಾಚಾ ಅವತ್ತೇ ಹುಡುಗನನ್ನು ಕರೆದು ಗಾಡಿ ತೊಳೆಸಿದರು.

ಹೀಗೆ ಇಬ್ಬರು ದೊಡ್ಡ ಮನುಷ್ಯರು ಒಬ್ಬರನ್ನೊಬ್ಬರು ನೋಡುವ ಮೊದಲೇ ಒಬ್ಬರಿಗೊಬ್ಬರು ಋಣಿಯಾಗಿಬಿಟ್ಟರು. ಕಾಕಾ ಪಂಚಾಂಗ ತೆಗೆದು ದಿನ ತಿಳಿಸುವುದು, ಚಾಚಾ ಗಾಡಿ ತೊಳೆಸಿಕೊಂಡು ಬರುವುದು, ಬಂದಾಗಲೆಲ್ಲ ಕಾಕಾನಿಗೆಂದು ಬೇರೆಯೇ ಒಂದು ಕಟ್ಟು ಎಲೆ ತರುವುದು. ಒಂದು ವರ್ಷ, ಅವರಲ್ಲಿ ಮದುವೆ ಮಾಡದ ಮೊಹರಮ್ಮೂ ನಮ್ಮ ಆಷಾಢವೂ ಕೂಡಿಯೇ ಬಂದಾಗ ಸವಣೂರಿನ ಶಾದಿ ಮಹಲೂ ಖಾಲಿ ಸಿಕ್ಕಿತು. ಅಕ್ಕೋರ ಮುಖ ನೋಡಬೇಕಿತ್ತು, ಮನೆಯಲ್ಲಿ ಎರಡು ಮದುವೆ ಇಟ್ಟುಕೊಂಡವರ ಹಾಗೆ.

ಕಾಕು ಮಾತ್ರ ಆ ಸೀರೆ ಉಟ್ಟದ್ದನ್ನು ಮರೆಯಲಿಲ್ಲ. ಆಟಕ್ಕೆ ಒಮ್ಮೆಯೂ ಬರಲಿಲ್ಲ. "ಹುಡುಗಿ ತಂದೇನಿ ಅಂತ ಬಂದು ಚಂಡು ತಂದ್ಲವಾ ನಿಮ್ಮ ಅಕ್ಕೋರು" ಎಂದು ಸಿಕ್ಕಾಗಲೆಲ್ಲ ನನ್ನನ್ನು ಚುಚ್ಚುತ್ತಿದ್ದರು.

ಬೀಗತನ ಎಂದಮೇಲೆ ಬೀಗತನದ ಪೇಚೂ ಬಂತು. ಶಿಗ್ಗಾವಿ ಕಡೆಯ ದುಂಡಸಿಯ ಹೆಂಗಸರ ಸಂಘ ಮಕ್ಕಳಿಗೆ ರೊಟ್ಟಿ, ಪಲ್ಯ ಮಾಡಿ ತರಲು ಒಪ್ಪಿತ್ತು. ಅವರಿಗೂ ಅಕ್ಕೋರು ನೀವು ನಮ್ಮ ಬೀಗರು ಎಂದೇ ಹೇಳಿದ್ದರು. ಆಟ ನಡೆದಿತ್ತು. ಪಲ್ಲವಿ ಮೊಣಕಾಲೂರಿ, ಅಂಗೈ ನೆಲಕ್ಕಿಟ್ಟು, ತಲೆ ಒಂದು ಕಡೆಗೆ ವಾಲಿಸಿ ಚೆಂಡಿಗೆ ಕಾಯುತ್ತಿದ್ದಳು. ಆಗ ಹೊರಗೆ ಟೆಂಪೋ ನಿಂತಿತು. ಮರುಕ್ಷಣ ಡೋಲು, ಸನಾದಿ, ಝಾಂಜು ಎಲ್ಲ ಒಟ್ಟಿಗೆ. ದುಂಡಸಿಯವರು ರೊಟ್ಟಿ ಬುಟ್ಟಿಗಳ ಜೊತೆಗೆ ವಾಜಂತ್ರಿ ಮೇಳವನ್ನೂ ಕರೆತಂದಿದ್ದರು.

ಮಂಟಪದೊಳಗೆ ಆ ಸದ್ದು ತುಂಬಿಕೊಂಡಿತು. ಗೆಜ್ಜೆ ಎಲ್ಲಿ ಕೇಳಬೇಕು? ಚೆಂಡು ಬಂದು ಪಲ್ಲವಿಯ ಗದ್ದಕ್ಕೆ ಬಡಿಯಿತು. ಅವಳು ಎರಡೂ ಕೈ ಚಾಚಿ ಸುತ್ತಲೂ ತಡವುತ್ತಿದ್ದಳು. ಆರೂ ಹುಡುಗಿಯರು ಹಾಗೇ ಇದ್ದರು. ಪಿ.ಟಿ. ಸರ್ ಸೀಟಿ ಊದಿ ಬಾಗಿಲಿಗೆ ಓಡಿದರು. ಸಂಘದ ಅಧ್ಯಕ್ಷೆ, ಎತ್ತರದ ಹೆಂಗಸು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಬೀಗರಂದ ಮ್ಯಾಲ ವಾಜಂತ್ರಿ ಇಲ್ದ ಹೆಂಗ ಬರೂದ್ರಿ? ಬ್ಯಾಡ ಅಂದ್ರ ಹೇಳ್ರಿ, ಹಿಂಗ ಹೊಳ್ಳಿ ಹೋಗ್ತೇವಿ."

ಬುಟ್ಟಿಗಳು ಇನ್ನೂ ಟೆಂಪೋದಲ್ಲೇ ಇದ್ದವು. ಅಕ್ಕೋರು ನಡೆದು ಬಂದರು, ಓಡಲಿಲ್ಲ. ಅಧ್ಯಕ್ಷೆಯ ಕೈ ಹಿಡಿದುಕೊಂಡರು.

"ಬರ್ರಿ ಬೀಗರ, ಒಳಗ ಬರ್ರಿ. ಒಂದು ಮಾತ ಹೇಳ್ರಿ. ಮದಿವ್ಯಾಗ ಅಕ್ಕಿಕಾಳ ಬೀಳೂಕಿಂತ ಮೊದಲ ವಾಜಂತ್ರಿ ಊದಸ್ತಾರೇನು?"

"ಎಲ್ಲೈತ್ರಿ? ಮಂತ್ರ ಮುಗೀಬೇಕಲ್ಲ."

"ಈ ಚಂಡು ಉರುಳೂದ ನಮ್ಮ ಮಂತ್ರ. ಗೋಲ್ ಆತಂದ್ರ ಅಕ್ಕಿಕಾಳ ಬಿದ್ದಂಗ. ಆವಾಗ ಊದಸ್ರಿ, ಗ್ವಾಡಿ ಬೀಳೂವಂಗ ಊದಸ್ರಿ."

ಅಧ್ಯಕ್ಷೆ ಮೇಳದವರನ್ನು ಗೋಡೆಗುಂಟ ಕೂಡಿಸಿದರು. ಸನಾದಿಯ ಮುದುಕ ಸನಾದಿಯನ್ನು ತುಟಿಗೆ ಹಚ್ಚಿಕೊಂಡೇ, ಕೆನ್ನೆ ಉಬ್ಬಿಸಿಕೊಂಡೇ ಕುಳಿತ. ಅಂಥಾ ನಿಶ್ಶಬ್ದವನ್ನು ಆ ಮಂಟಪ ಕಂಡಿರಲಿಕ್ಕಿಲ್ಲ. ಚೆಂಡು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಉರುಳಿತು. ಕೊನೆಗೆ ಪಲ್ಲವಿ ಹಿಂದಿನ ಗೆರೆಯನ್ನು ಕಾಲಬೆರಳಿನಿಂದ ಮುಟ್ಟಿ ನೋಡಿ, ಬಗ್ಗಿ, ಎಸೆದಳು. ಎದುರಿನ ಇಬ್ಬರ ನಡುವೆ ಗೆಜ್ಜೆ ಹಾದುಹೋಯಿತು. ಪಿ.ಟಿ. ಸರ್ ಕೈ ಎತ್ತಿದರು, ಸನಾದಿ ಹೊಮ್ಮಿತು.

ನನ್ನ ಮಗಳ ಹೆಸರಿನಲ್ಲಿ ವಾಜಂತ್ರಿ ಮೊಳಗಿದ್ದು ಅದೇ ಮೊದಲು. ನಾನು ಕಂಬದ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ. ಅಕ್ಕೋರು ನೋಡಿಯೂ ನೋಡದವರಂತೆ ರೊಟ್ಟಿ ಬುಟ್ಟಿ ಇಳಿಸಲು ಹೋದರು.

ನನಗೂ ಅವರು ಒಂದು ಕೆಲಸ ಕೊಟ್ಟಿದ್ದರು. ಆಟ ಶುರುವಾಗುವ ಮೊದಲು ಜನರನ್ನು ಸುಮ್ಮನಾಗಿಸುವುದು. ನನ್ನ ದನಿ ಯಾರಿಗೂ ಕೇಳಿಸುವುದಿಲ್ಲ ಎಂದು ಹಿಂಜರಿದರೆ, "ಅದಕ್ಕ ನೀವು ಬೇಕು. ಜೋರ ದನಿಯವ್ರು ಸುಮ್ಮನಿರ್ರಿ ಅಂದ್ರ ಮಂದಿ ಇನ್ನೂ ಜೋರ ಮಾಡ್ತಾರ" ಎಂದರು. ನಮ್ಮ ಸಿಸ್ಟರು ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ನಿಲ್ಲುತ್ತಿದ್ದ ಹಾಗೆ ತುಟಿಯ ಮೇಲೆ ಬೆರಳಿಟ್ಟು ನಿಂತೆ. ಸಭೆಯೇ ಸುಮ್ಮನಾಯಿತು. ಮದುವೆಯಾದ ಮೇಲೆ ನಾಲ್ಕು ಜನರ ಎದುರಿಗೆ ನಾನು ಎದ್ದು ನಿಂತದ್ದು ಆಗಲೇ.

ಅವರು ಸಿಹಿ ಮಾತಿನವರೇನೂ ಅಲ್ಲ. ಸಕ್ಕರೆ ಪೊಟ್ಟಣದಲ್ಲಿ ಇರುತ್ತಿತ್ತು ಅಷ್ಟೇ. ಪಲ್ಲವಿ ಸೋತು ಅತ್ತಾಗ ತಲೆ ಸವರಲಿಲ್ಲ. "ಸೋತಿ. ಮುಖಾ ತೊಳಕೊಂಡು ಬಾ, ಊಟ ತಣ್ಣಗಾಗ್ತೈತಿ" ಎಂದರು. ಅವಳಿಗೆ ಎಲ್ಲರೂ ಒಂದು ಮೆತ್ತನೆಯ ದನಿಯಲ್ಲಿ ಮಾತಾಡುತ್ತಾರೆ, ನಾನೂ ಕೂಡ. ಅಕ್ಕೋರು ಆ ದನಿ ಹಚ್ಚಲಿಲ್ಲ. ಪಲ್ಲವಿಗೆ ಅವರ ಮೇಲೆ ಜೀವ ಇದ್ದದ್ದು ಅದಕ್ಕೇ ಇರಬೇಕು.

ಈ ಸಲ ಬೇಸಿಗೆಯಲ್ಲಿ ಮೈಗೆ ಹುಷಾರಿಲ್ಲದೆ ತಮ್ಮನ ಮನೆಗೆ ಹೋದರು. ಆದರೂ ಹಾಸಿಗೆಯಿಂದಲೇ ಎಲ್ಲರಿಗೂ ಫೋನ್ ಮಾಡಿ ನಾಳೆಯ ದಿನವನ್ನು ಗೊತ್ತು ಮಾಡಿದ್ದರು. ಆಷಾಢ ಮುಗಿಯುತ್ತ ಬಂದಿದೆ. ಶ್ರಾವಣ ಬಂದರೆ ಮಂಟಪ ಮತ್ತೆ ಮದುವೆಗಳ ಪಾಲು. ಈ ಸಲ ತಪ್ಪಿದರೆ ಬರುವ ವರ್ಷ ಎಲೆ, ಸಕ್ಕರೆ ಹಿಡಿದು ಹೋಗುವವರು ಯಾರು? ಒಮ್ಮೆ ಬಿಟ್ಟುಹೋದ ಬಳಕೆ ಬಿಟ್ಟೇ ಹೋಗುತ್ತದೆ. ಪಲ್ಲವಿ ಮತ್ತೆ ಪೆಂಡಾಲಿನ ಕೆಳಗೆ, ಕೈಯಲ್ಲಿ ನೀರಿನ ಬಾಟಲಿ. ಚಾಚಾ ತಂದ ಗಾಡಿಯಲ್ಲಿ ಹಿರೇಕೆರೂರಿಗೆ ಹೋಗುವಾಗ ನನಗೆ ಅದೇ ಕಾಣುತ್ತಿತ್ತು. ಮುಂದಿನ ಸೀಟಿನಲ್ಲಿ ಕಾಕಾ ಇದ್ದರು.

ಮಣ್ಣು ಮುಗಿಸಿ ಬಂದಾಗ ನಮ್ಮ ಮೂವರನ್ನು ಅಕ್ಕೋರ ತಮ್ಮನ ಮನೆಯ ಅಂಗಳದ ಬೆಂಚಿನ ಮೇಲೆ ಕುಳ್ಳಿರಿಸಿದರು. ಪಲ್ಲವಿ ಒಳಗೆ ಹೆಂಗಸರ ನಡುವೆ ಇದ್ದಳು. ಸತ್ತವರ ಗುಣ ನೆನೆಯುವ ಹೊತ್ತು. ಕಾಕಾ ಗಂಟಲು ಸರಿಮಾಡಿಕೊಂಡರು.

"ಖರೇ ಹೇಳ್ಬೇಕಂದ್ರ ಚಾಚಾ, ನಾ ಮಂಟಪ ಕೊಟ್ಟದ್ದು ನಿಮ್ಮ ಮಾತಿಗೆ. ನಮ್ಮ ನೆಲಾ ಹೊಗಳಿ ಹೇಳಿ ಕಳಿಸಿದ್ರಲ್ಲ ನೀವು."

"ನಾನಾ?" ಎಂದರು ಚಾಚಾ. "ಆವಾಗ ನಿಮ್ಮ ಮಂಟಪ ನಾ ಕಣ್ಣೀಲೇ ನೋಡಿದ್ದಿಲ್ರಿ. ನಮ್ಮ ಗಾಡಿ ಸ್ವಚ್ಛ ಐತಿ ಅಂತ ಹೇಳಿ ಕಳಿಸಿದವ್ರು ನೀವಲ್ಲೇನ್ರಿ?"

"ನಿಮ್ಮ ಗಾಡಿ ಯಾವ ಬಣ್ಣದ್ದು ಅಂತ ಸೈತ ನನಗ ಗೊತ್ತಿರಲಿಲ್ಲ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಸೆರಗಿನ ಅಂಚು ನೋಡಿಕೊಂಡೆ.

"ನಿನಗ ಗೊತ್ತಿತ್ತೇನವಾ?" ಎಂದರು ಕಾಕಾ.

"ಹೂಂ ರೀ ಕಾಕಾ."

ಚಾಚಾಗೆ ನಗೆ ತಡೆಯಲಾಗಲಿಲ್ಲ. ಸಾವಿನ ಮನೆ ಎಂದು ನೆನಪಾಗಿ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರಿತ್ತು. ಕಾಕಾ ನಗಲಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ತೆಗೆದು, ಝಾಡಿಸಿ, ಮತ್ತೆ ಹಾಕಿಕೊಂಡು ಎದ್ದರು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಸತ್ತವರ ಮನೆಯಿಂದ ಹೋಗುವಾಗ ಬರ್ತೇನಿ ಎಂದು ಹೇಳಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ, ಎಲ್ಲರೂ ಸುಮ್ಮನೇ ಏಳುತ್ತಾರೆ. ಹಾಗಾಗಿ ಕಾಕಾ ಮಾತಾಡದೆ ಹೋದದ್ದು ಪದ್ಧತಿಯೋ ಸಿಟ್ಟೋ ನನಗೆ ತಿಳಿಯಲಿಲ್ಲ. ಆ ಅಂಗಳದಲ್ಲಿ ನಿಂತು ನಾಳೆಯ ಆಟದ ಮಾತೆತ್ತುವುದೂ ಆಗದು. ಹೊರಗೆ ಬಂದು ನೋಡಿದರೆ ಅವರು ಗಾಡಿಯ ಹತ್ತಿರ ಇರಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ಹೋದರೆಂದು ಯಾರೋ ಹೇಳಿದರು.

ತಿರುಗಿ ಬರುವಾಗ ಪಲ್ಲವಿ, "ಮುಂದಿನ ಸೀಟ್ನ್ಯಾಗ ಕಾಕಾ ಇಲ್ಲೇನು?" ಎಂದಳು.

"ಬಸ್ಸಿಗೆ ಹೋದ್ರು" ಎಂದೆ.

ಸ್ವಲ್ಪ ದೂರ ಹೋದ ಮೇಲೆ ಚಾಚಾ ಹೇಳಿದರು, "ನಾ ಅಂತೂ ನಾಳೆ ಹುಡುಗ್ಯಾರನ್ನ ಕರಕೊಂಡು ಬರ್ತೇನಿ ಬೇಟಿ. ಬಾಗಲಾ ತಗೀತಾರೋ ಇಲ್ಲೋ, ಅದು ನಿಮ್ಮೂರ ಮಾತು."

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ದೀಪ ಹಚ್ಚಿದೆ. ಎದುರು ಮನೆಗೆ ಹೋಗಬೇಕು, ಕಾಕಾನ ಹತ್ತಿರ ಕೇಳಬೇಕು ಎಂದು ಎರಡು ಸಲ ಬಾಗಿಲವರೆಗೆ ಹೋದೆ. ಅಕ್ಕೋರಾಗಿದ್ದರೆ ಇಷ್ಟೊತ್ತಿಗೆ ಅಲ್ಲಿ ಚಹಾ ಕುಡಿಯುತ್ತ ಕುಳಿತಿರುತ್ತಿದ್ದರು. ಅವರು ಆಡಿದ್ದು ಸುಳ್ಳೇ. ಆದರೆ ಚಾಚಾನ ಗಾಡಿ ಅವತ್ತಿನಿಂದ ಸ್ವಚ್ಛವಾಗಿದೆ, ಕಾಕಾ ಆಟದ ಹಿಂದಿನ ದಿನ ತಾವೇ ನಿಂತು ನೆಲ ಒರೆಸುತ್ತಾರೆ. ನನ್ನ ಮಗಳು ಆ ನೆಲದ ಮೇಲೆ ಬಿದ್ದು ಎದ್ದು ಬೆಳೆದಿದ್ದಾಳೆ. ಇದಕ್ಕೆಲ್ಲ ಅವರಿಗೆ ಒಮ್ಮೆಯಾದರೂ ಥ್ಯಾಂಕ್ಸ್ ಎಂದೆನೋ ಇಲ್ಲವೋ ನೆನಪಾಗಲಿಲ್ಲ. ಅಂದಿದ್ದರೂ, ಬೀಗರು ಬೀಗರು ಹಂಗೆಲ್ಲ ಅಂತಾರೇನ್ರಿ ಎಂದು ಬಿಡುತ್ತಿದ್ದರೇನೋ. ಈಗ ಎಲೆ, ಸಕ್ಕರೆ ಹಿಡಿದು ನಾನೇ ಹೋಗಬೇಕು ಎಂದುಕೊಂಡು ಮೂರನೆಯ ಸಲ ಚಪ್ಪಲಿ ಮೆಟ್ಟಿದೆ.

ಗೇಟಿನ ಹೊರಗೆ ಕಾಕು ಬಂದು ನಿಂತಿದ್ದರು. ತಲೆಯ ಮೇಲೆ ಕೊಡೆ, ಒಂದು ಪಾದ ನಮ್ಮ ಮೆಟ್ಟಿಲ ಮೇಲೆ. ಬಗ್ಗಿ ಹಿಮ್ಮಡಿಯ ಹತ್ತಿರ ಏನನ್ನೋ ತಿರುವುತ್ತಿದ್ದರು.

"ಅಲ್ಲವಾ, ಕಾಲಚೈನ ಹಾಕ್ಕೊಂಡು ಬಂದ್ರ ನಾಳೆ ಮಂಟಪದೊಳಗ ಬಿಡೂದಿಲ್ಲಂತ, ನಮ್ಮನಿಯವ್ರು ಈಗ ಹೇಳಿದ್ರು. ಇವನ್ನ ಬಿಚ್ಚಿ ಯಾವ ಕಾಲ ಆತೋ ಏನೋ. ಸಾಬಾಣ ಹಚ್ಚಿದ್ರ ಬರ್ತಾವೇನು, ಎಣ್ಣೀನ ಹಚ್ಚಬೇಕೋ?"